ಹಂಪಿ ಫ್ಲೈ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೈ ಅಂದರೆ ಗಾಳದ ಮೇಲೆ ಕೂದಲು, ಗರಿ ಕಟ್ಟಿ ಹುಳುವಿನಂತೆ ಮಾಡಿದ ಕೃತಕ ಎರೆ; ನೀರಿನ ಮೇಲೆ ತೇಲುವಂಥದ್ದು ಡ್ರೈ ಫ್ಲೈ. ಟ್ರೌಟ್ ಮೀನಿಗೆ ಕಟ್ಟುವ ಡ್ರೈ ಫ್ಲೈಗಳಲ್ಲಿ ಹಂಪಿ (Humpy) ಹಳೆಯದು, ಹೆಸರಾದದ್ದು, ಹೊಸಬರನ್ನು ಗೋಳಾಡಿಸುವುದರಲ್ಲೂ ಮುಂದು. ಕೂದಲಿನ ಒಂದೇ ಕಟ್ಟು ಇದರ ಬೆನ್ನೂ ಹೌದು, ರೆಕ್ಕೆಯೂ ಹೌದು. ಹಾಗಾಗಿ ಆರಂಭದಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಕೊನೆಯವರೆಗೂ ಅದನ್ನು ಸರಿಮಾಡಲು ಬರುವುದಿಲ್ಲ. ಕೈಚಳಕ ತಾನಾಗಿ ಬರುತ್ತದೆ, ಅಳತೆ ತಾನಾಗಿ ಬರುವುದಿಲ್ಲ. ಕೆಳಗೆ ಗಾಳದ ನೇರ ಭಾಗವನ್ನು ‘ದಂಡ’ ಎಂದೂ, ದಾರ ಪೋಣಿಸುವ ತೂತನ್ನು ‘ಕಣ್ಣು’ ಎಂದೂ, ದಂಡ ಮುಗಿದು ತಿರುಗುವ ಜಾಗವನ್ನು ‘ಬಾಗು’ ಎಂದೂ ಕರೆದಿದ್ದೇವೆ.

ಇದು ಯಾವ ಹುಳುವಿನ ನಕಲು?

ಇಂಥದ್ದೇ ಹುಳು ಎಂದು ಬೊಟ್ಟು ಮಾಡಿ ತೋರಿಸಲಾಗದು. ಹಳದಿ ಹೊಟ್ಟೆಯದು ಚಿಕ್ಕ ಸ್ಟೋನ್‌ಫ್ಲೈ (ಹೊಳೆಯ ಒಂದು ಹುಳು) ಅಥವಾ ಮಿಡತೆಯಂತೆ ಕಂಡೀತು, ಕಪ್ಪು ಹೊಟ್ಟೆಯದು ಜೀರುಂಡೆಯಂತೆ. ಬಂಡೆಗಳ ನಡುವೆ ನುಗ್ಗುವ ನೀರಿನಲ್ಲಿ ಮೀನಿಗೆ ಪರಿಶೀಲಿಸಲು ಪುರಸೊತ್ತಿರುವುದಿಲ್ಲ. ಮೇಲೆ ತೇಲಿಬಂದದ್ದು ತಿನ್ನುವಂಥದ್ದು ಅನ್ನಿಸಿದರೆ ಸಾಕು, ಬಾಯಿ ಹಾಕುತ್ತದೆ. ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ, ಮೀನು ಒಂದೇ ಬಗೆಯ ಹುಳುವನ್ನು ಆರಿಸಿ ತಿನ್ನುತ್ತಿರುವಾಗ ಹಂಪಿ ಬಿಟ್ಟು ಬೇರೆ ಫ್ಲೈ ಕಟ್ಟಿಕೊಳ್ಳಿ.

ಇದರ ಮೂಲ ಎಲ್ಲಿ?

ಅಮೆರಿಕದ ಪಶ್ಚಿಮ ಭಾಗ. 1940ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜ್ಯಾಕ್ ಹಾರ್ನರ್ ಕಟ್ಟುತ್ತಿದ್ದ ಜಿಂಕೆ ಕೂದಲಿನ ಫ್ಲೈಯನ್ನು ಸಾಮಾನ್ಯವಾಗಿ ಇದರ ಪೂರ್ವಜ ಎನ್ನುತ್ತಾರೆ. ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್‌ನಲ್ಲಿ ಪ್ಯಾಟ್ ಬಾರ್ನ್ಸ್ ಅವರಿಂದಾಗಿ ಅದು ‘ಗೂಫಸ್ ಬಗ್’ ಎಂದು ಹೆಸರಾಯಿತು. ವಯೋಮಿಂಗ್‌ನ ಜ್ಯಾಕ್ಸನ್ ಹೋಲ್ ಕಡೆ ಹಂಪಿ ಎಂಬ ಹೆಸರೇ ಉಳಿಯಿತು. 1970ರ ದಶಕದಲ್ಲಿ ಅಲ್ಲಿನ ಜ್ಯಾಕ್ ಡೆನ್ನಿಸ್ ಬರೆದ ಕೈಪಿಡಿ ಅದನ್ನು ಎಲ್ಲ ಕಡೆಗೂ ಮುಟ್ಟಿಸಿತು.

ಕೂದಲು ತೇಲುವುದೇಕೆ?

ಜಿಂಕೆ ಜಾತಿಯ ಪ್ರಾಣಿಗಳ ಮೈಗೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ. ಚಳಿಯಿಂದ ಪ್ರಾಣಿಯನ್ನು ಕಾಯುವ ಅದೇ ಗಾಳಿ ಇಲ್ಲಿ ಫ್ಲೈಯನ್ನು ತೇಲಿಸುತ್ತದೆ. ಆದರೆ ಕೂದಲು ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಬುಡದ ಕಡೆ ದಪ್ಪ, ಮೆತು, ಗಾಳಿ ಹೆಚ್ಚು. ತುದಿಯ ಕಡೆ ಸಣ್ಣ, ಗಟ್ಟಿ, ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ದಾರ ಬಿಗಿದಾಗ ಮೆತ್ತನೆಯ ಭಾಗ ಒತ್ತಿಕೊಂಡು ಎರಡೂ ಕಡೆ ಬಿರಿಯುತ್ತದೆ, ಗಟ್ಟಿ ಭಾಗ ಅಲುಗುವುದಿಲ್ಲ. ಹಂಪಿಯ ಕಷ್ಟಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟುತ್ತವೆ.

ಹಾಗಾದರೆ ಯಾವ ಕೂದಲು ಕೊಳ್ಳಬೇಕು?

ಪ್ಯಾಕೆಟ್ಟಿನ ಮೇಲೆ ‘ಜಿಂಕೆ ಕೂದಲು’ ಎಂದಿದ್ದ ಮಾತ್ರಕ್ಕೆ ಕೊಳ್ಳಬೇಡಿ. ಚರ್ಮದ ತುಂಡನ್ನು ಬಗ್ಗಿಸಿ ಕೂದಲ ತುದಿ ನೋಡಿ. ಮೂರು ಗುಣ ಬೇಕು. ಕೂದಲು ಗಿಡ್ಡವಿರಬೇಕು, 12ನೇ ನಂಬರ್ ಗಾಳಕ್ಕೆ (ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು) 30ರಿಂದ 40 ಮಿ.ಮೀ. ಸಾಕು. ತುದಿಯ ಕಪ್ಪು ಭಾಗ ಎರಡು ಮೂರು ಮಿ.ಮೀ. ಮೀರಬಾರದು. ತುದಿಗಳು ಸವೆದು ಮುರಿದಿರಬಾರದು.

ಉದ್ದ ಕೂದಲು ಬೇಡವೆನ್ನಲು ಕಾರಣವಿದೆ. ನಾವು ಅಳೆಯುವುದು ತುದಿಯಿಂದ. 60 ಮಿ.ಮೀ. ಕೂದಲಿನಲ್ಲಿ ತುದಿಯ 24 ಮಿ.ಮೀ. ಬಹುಪಾಲು ಗಟ್ಟಿ, ಗಾಳಿಯಿಲ್ಲದ ಭಾಗ. ಅದರಲ್ಲಿ ಬೆನ್ನು ಮಾಡಿದರೆ ನೋಡಲು ಚೆಂದವಿರುತ್ತದೆ, ತೇಲುವುದಿಲ್ಲ. ಗಿಡ್ಡ ಕೂದಲಿನಲ್ಲಿ ಗಾಳಿ ಭಾಗ ತುದಿಯ ಹತ್ತಿರಕ್ಕೇ ಬರುತ್ತದೆ.

ಜಾತಿಯ ವಿಚಾರಕ್ಕೆ ಬಂದರೆ, ಎಳೆ ಎಲ್ಕ್‌ನ (ಉತ್ತರ ಅಮೆರಿಕದ ದೊಡ್ಡ ಜಿಂಕೆ) ಮೈಗೂದಲು ನಮ್ಮ ಮೊದಲ ಆಯ್ಕೆ. ಬಿರಿಯುವುದು ಮಿತವಾಗಿ, ಬಾಳಿಕೆ ಹೆಚ್ಚು. ಸಾಮಾನ್ಯ ಜಿಂಕೆ ಕೂದಲು ಇನ್ನೂ ಚೆನ್ನಾಗಿ ತೇಲುತ್ತದೆ, ಮೀನಿನ ಹಲ್ಲಿಗೆ ಬೇಗ ಹರಿಯುತ್ತದೆ. ಬಾಸ್ ಮೀನಿನ ದೊಡ್ಡ ಫ್ಲೈಗಳಿಗೆ ಸುತ್ತಿ ಕತ್ತರಿಸುವ ಒರಟು, ಸ್ಪಂಜಿನಂಥ ಕೂದಲು ಇಲ್ಲಿ ಖಂಡಿತ ಬೇಡ. ದಾರ ಬಿಗಿದ ಕೂಡಲೇ ಪೊರಕೆ ಕೆದರಿದ ಹಾಗೆ ನಿಲ್ಲುತ್ತದೆ.

ಉಳಿದ ಸಾಮಾನು ಏನೇನು?

ಡ್ರೈ ಫ್ಲೈ ಗಾಳ, 10ರಿಂದ 16ನೇ ನಂಬರ್. ಕಲಿಯುವವರು 10 ಅಥವಾ 12ರಿಂದ ಶುರುಮಾಡಲಿ. ಬಾಲಕ್ಕೆ ಮೂಸ್‌ನ (ಜಿಂಕೆ ಜಾತಿಯ ಇನ್ನೊಂದು ದೊಡ್ಡ ಪ್ರಾಣಿ) ಕಪ್ಪು ಮೈಗೂದಲು. ಹ್ಯಾಕಲ್‌ಗೆ, ಅಂದರೆ ರೆಕ್ಕೆಯ ಹಿಂದೆ ಮುಂದೆ ದಂಡಕ್ಕೆ ಸುತ್ತುವ ಗರಿಗೆ, ಹುಂಜದ ಕುತ್ತಿಗೆಯ ಎರಡು ಗರಿ: ಒಂದು ಕಂದು, ಇನ್ನೊಂದು ಕಪ್ಪು ಬಿಳಿ ಪಟ್ಟೆಯ ಗ್ರಿಜ್ಲಿ. ದಾರ ಹಳದಿ ಅಥವಾ ಕೆಂಪು. 10, 12ಕ್ಕೆ 140 ಡೆನಿಯರ್ (ದಾರದ ದಪ್ಪದ ಅಳತೆ), 14, 16ಕ್ಕೆ 70 ಡೆನಿಯರ್. ಹೊಟ್ಟೆಯ ಬಣ್ಣ ಈ ದಾರದ್ದೇ, ಬೇರೆ ಸಾಮಗ್ರಿ ಬೇಕಿಲ್ಲ.

ಸಲಕರಣೆಗಳಲ್ಲಿ ಗಾಳವನ್ನು ಕಚ್ಚಿ ಹಿಡಿಯುವ ವೈಸ್, ದಾರದ ಉರುಳೆ ಹಿಡಿಯುವ ಬಾಬಿನ್, ಚೂಪು ಕತ್ತರಿ, ಗರಿಯ ತುದಿ ಹಿಡಿದು ಸುತ್ತುವ ಹ್ಯಾಕಲ್ ಪ್ಲೈಯರ್, ದಬ್ಬಣದಂಥ ಒಂದು ಸೂಜಿ, ಸಣ್ಣ ಬಾಚಣಿಗೆ ಮತ್ತು ಹೇರ್ ಸ್ಟ್ಯಾಕರ್. ಸ್ಟ್ಯಾಕರ್ ಅಂದರೆ ಕೂದಲನ್ನು ತುದಿ ಕೆಳಗಾಗಿ ಹಾಕಿ ಮೇಜಿನ ಮೇಲೆ ಕುಟ್ಟಿದರೆ ತುದಿಗಳನ್ನೆಲ್ಲ ಸಮಮಾಡುವ ಕೊಳವೆ. ಇದಿಲ್ಲದೆ ಹಂಪಿ ಕಟ್ಟುವ ಗೋಜಿಗೆ ಹೋಗಬೇಡಿ. ಪ್ಲಾಸ್ಟಿಕ್‌ಗಿಂತ ಹಿತ್ತಾಳೆಯದು ವಾಸಿ, ಒಣ ಹವೆಯಲ್ಲಿ ಕೂದಲು ಗೋಡೆಗೆ ಅಂಟಿಕೊಳ್ಳುವುದು ಕಡಿಮೆ.

ಅಳತೆಯನ್ನು ಒಮ್ಮೆ ಸರಿಯಾಗಿ ಹೇಳಿ.

ದಂಡ 10 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಬಾಲದ ಉದ್ದ ದಂಡದಷ್ಟು, ಅಂದರೆ 10. ರೆಕ್ಕೆ ಎದ್ದು ನಿಲ್ಲುವ ಜಾಗ ಕಣ್ಣಿನಿಂದ 4 ಮಿ.ಮೀ. ಹಿಂದೆ. ಅಲ್ಲಿಂದ ಬಾಗಿನವರೆಗಿನ 6 ಮಿ.ಮೀ. ಮೈಗೆ. ರೆಕ್ಕೆಯ ಎತ್ತರವೂ ದಂಡದಷ್ಟೇ, 10.

ಬೆನ್ನಿನ ಕೂದಲನ್ನು ತುದಿ ಹಿಂದಕ್ಕೆ ಇರುವಂತೆ ಕಟ್ಟಿ, ಆಮೇಲೆ ಮುಂದಕ್ಕೆ ಮಡಚುತ್ತೇವೆ. ಮಡಚಿದಾಗ ಮೈ ಮೇಲೆ 6 ಮಿ.ಮೀ. ಹೋಗುತ್ತದೆ, ಉಬ್ಬನ್ನು ಏರಿ ಇಳಿಯಲು ಇನ್ನೂ ಒಂದು ಒಂದೂವರೆ ಬೇಕು, ರೆಕ್ಕೆಗೆ 10. ಒಟ್ಟು ಬಾಗಿನಿಂದ ಆಚೆ 17ರಿಂದ 18 ಮಿ.ಮೀ. ಕೂದಲು ಇರಬೇಕು. ಅದಕ್ಕೆ ದಾರದ ಅಡಿಗೆ ಹೋಗುವ 6 ಸೇರಿಸಿ. ಅಂದರೆ ತುದಿಯಿಂದ ಸುಮಾರು 24 ಮಿ.ಮೀ.ಗೆ ಬುಡ ಕತ್ತರಿಸಿ, ಆ ಕತ್ತರಿಸಿದ ಅಂಚು ಸರಿಯಾಗಿ ರೆಕ್ಕೆಯ ಜಾಗದಲ್ಲಿ ಕೂರುವಂತೆ ಇಡಿ. ಗಾಳ ಚಿಕ್ಕದಾದರೆ ಇದೇ ಅನುಪಾತ: ದಂಡದ ಎರಡೂವರೆ ಪಾಲಿಗಿಂತ ಸ್ವಲ್ಪ ಕಡಿಮೆ.

ಬಿಗಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡೇ ಸುತ್ತು ಹಾಕಿ ಬಾಗಿನ ಬಳಿ ಹಿಡಿದು, ಕೂದಲನ್ನು ಮುಂದಕ್ಕೆ ಮಡಚಿ ದಂಡದ ಮೇಲೆ ಮಲಗಿಸಿ. ತುದಿಗಳು ಕಣ್ಣನ್ನು ದಾಟಿ 7ರಿಂದ 8 ಮಿ.ಮೀ. ಮುಂದೆ ಚಾಚಿದರೆ ಅಳತೆ ಸರಿ. ಇಲ್ಲದಿದ್ದರೆ ಈಗಲೇ ಬಿಚ್ಚಿ.

ಕಟ್ಟುವ ಕ್ರಮ ಹೇಗೆ?

ಗಾಳದ ಮುಳ್ಳನ್ನು ಪ್ಲೈಯರ್‌ನಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿ. ಗಾಳ ಮುರಿಯುವುದಿದ್ದರೆ ಈಗ ಮುರಿಯಲಿ, ಫ್ಲೈ ಮುಗಿದ ಮೇಲಲ್ಲ. ರೆಕ್ಕೆಯ ಜಾಗದಿಂದ ಬಾಗಿನವರೆಗೆ ದಾರವನ್ನು ಒತ್ತೊತ್ತಾಗಿ ಸುತ್ತಿ. ಬರಿಯ ದಂಡದ ಮೇಲೆ ಕೂದಲು ಜಾರುತ್ತದೆ.

ಮೂಸ್‌ನ ಹತ್ತು ಹನ್ನೆರಡು ಕೂದಲು ತೆಗೆದು, ಸ್ಟ್ಯಾಕರ್‌ನಲ್ಲಿ ಸಮಮಾಡಿ ಬಾಲ ಕಟ್ಟಿ. ಅದರ ಬುಡಗಳನ್ನು ರೆಕ್ಕೆಯ ಜಾಗದವರೆಗೂ ಬಿಟ್ಟು ಅಲ್ಲೇ ಕತ್ತರಿಸಿ. ಬಾಗಿನ ಬಳಿಯೇ ಕತ್ತರಿಸಿದರೆ ಮೈ ಅಲ್ಲಿ ದಪ್ಪ, ಮುಂದೆ ತೆಳು ಆಗಿ ಹಳ್ಳ ಬೀಳುತ್ತದೆ.

ಈಗ ಎಲ್ಕ್. 12ನೇ ನಂಬರಿಗೆ ಒತ್ತಿ ಹಿಡಿದಾಗ ಬೆಂಕಿಕಡ್ಡಿಯ ದಪ್ಪ ಬರುವಷ್ಟು ಕೂದಲನ್ನು ಚರ್ಮಕ್ಕೆ ಹತ್ತಿರದಲ್ಲಿ ಕತ್ತರಿಸಿ. ತುದಿಗಳನ್ನು ಹಿಡಿದುಕೊಂಡು ಬುಡವನ್ನು ಬಾಚಿ, ಒಳಗಿನ ನಯ ತುಪ್ಪಟವೆಲ್ಲ ಹೋಗಲಿ. ತುಪ್ಪಟ ಉಳಿದರೆ ಸ್ಟ್ಯಾಕರ್‌ನಲ್ಲಿ ಎಷ್ಟು ಕುಟ್ಟಿದರೂ ತುದಿ ಸಮವಾಗುವುದಿಲ್ಲ. ಸಮವಾದ ಮೇಲೆ ಅಳೆದು, ಬುಡ ಕತ್ತರಿಸಿ, ದಂಡದ ನೆತ್ತಿಯ ಮೇಲಿಟ್ಟು ಮೊದಲ ಎರಡು ಸುತ್ತು ಸಡಿಲವಾಗಿ ಹಾಕಿ. ಮೂರನೆಯದನ್ನು ಎಳೆಯುವಾಗ ದಾರ ಮೇಲ್ಮುಖವಾಗಿ ಬಿಗಿಯಲಿ. ಅಲ್ಲಿಂದ ಬಾಗಿನ ಕಡೆಗೆ ಬಿಗಿಯಾಗಿ ಸುತ್ತುತ್ತಾ ಹೋಗಿ, ಬಾಗಿನ ಹತ್ತಿರದ ಕೊನೆಯ ಎರಡು ಮೂರು ಸುತ್ತನ್ನು ಮಾತ್ರ ಸ್ವಲ್ಪ ಮೆತ್ತಗೆ ಹಾಕಿ. ಅಲ್ಲೂ ಪೂರ್ತಿ ಬಿಗಿದರೆ ಕೂದಲು ಬಾಲದ ಸುತ್ತ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ.

ದಾರವನ್ನು ಮೈ ಮೇಲೆ ಹೋಗಿ ಬಂದು ಮಾಡಿ ಕೂದಲು ಕಾಣದಂತೆ ಬಣ್ಣ ಮುಚ್ಚಿಸಿ, ರೆಕ್ಕೆಯ ಜಾಗಕ್ಕೆ ತಂದು ನಿಲ್ಲಿಸಿ. ಕೂದಲನ್ನೆಲ್ಲ ಒಟ್ಟಾಗಿ ಹಿಡಿದು ಮೊದಲು ನೇರ ಮೇಲಕ್ಕೆ ಎಳೆದು, ಎಳೆಗಳು ಒಂದರ ಮೇಲೊಂದು ಹಾಯದಂತೆ ಬಾಚಿ, ಆಮೇಲೆ ಮುಂದಕ್ಕೆ ಮಡಚಿ. ಹಿಡಿತ ಬಿಡದೆ ಎರಡು ಸಡಿಲ ಸುತ್ತು, ಮೇಲೆ ಐದಾರು ಬಿಗಿ ಸುತ್ತು. ಬೆನ್ನು ಸಿದ್ಧ.

ತುದಿಗಳನ್ನು ಎತ್ತಿ ಹಿಡಿದು ಅವುಗಳ ಮುಂದೆ, ದಂಡಕ್ಕೆ ಒತ್ತಿ, ಆರೆಂಟು ಸುತ್ತು ಹಾಕಿದರೆ ದಾರದ ಸಣ್ಣ ಗೋಡೆಯಾಗಿ ರೆಕ್ಕೆ ನೆಟ್ಟಗೆ ನಿಲ್ಲುತ್ತದೆ. ಸೂಜಿಯಿಂದ ಎರಡು ಸಮಪಾಲು ಮಾಡಿ, ನಡುವೆ ಎಂಟರ ಆಕಾರದಲ್ಲಿ ಮೂರು ನಾಲ್ಕು ಸಲ ದಾರ ಹಾಯಿಸಿ, ಪ್ರತಿ ರೆಕ್ಕೆಯ ಬುಡಕ್ಕೆ ಪ್ರತ್ಯೇಕವಾಗಿ ಮೂರು ಸುತ್ತು ಕೊಡಿ. ಬುಡಕ್ಕೆ ಒಂದು ಚುಕ್ಕೆ ತೆಳು ಸಿಮೆಂಟ್ (ಫ್ಲೈ ಕಟ್ಟಲು ಬಳಸುವ ಅಂಟು).

ಹ್ಯಾಕಲ್ ಗರಿಗಳ ಬುಡದ ತುಪ್ಪಳ ಕಿತ್ತು ಎರಡನ್ನೂ ರೆಕ್ಕೆಯ ಹಿಂದೆ ಕಟ್ಟಿ. ಒಂದೊಂದಾಗಿ ಸುತ್ತಿ: ರೆಕ್ಕೆಯ ಹಿಂದೆ ಮೂರು, ಮುಂದೆ ಮೂರು. ಎರಡನೆಯದನ್ನು ಅತ್ತಿತ್ತ ಅಲುಗಿಸುತ್ತಾ ಸುತ್ತಿದರೆ ಮೊದಲನೆಯದರ ಎಳೆಗಳು ಅಡಿಗೆ ಸಿಕ್ಕುವುದಿಲ್ಲ. ಎಳೆಯ ಉದ್ದ ಗಾಳದ ಬಾಯಗಲದ ಒಂದೂವರೆ ಪಟ್ಟು. ಕಣ್ಣಿನ ಹಿಂದೆ 1 ಮಿ.ಮೀ. ಖಾಲಿ ಇರುವಾಗಲೇ ನಿಲ್ಲಿಸಿ ವಿಪ್ ಫಿನಿಶ್ ಗಂಟು (ದಾರವನ್ನು ಅದರ ಮೇಲೇ ಸುತ್ತಿ ಎಳೆಯುವ ಕೊನೆಯ ಗಂಟು) ಹಾಕಿ, ಸಿಮೆಂಟ್ ಮುಟ್ಟಿಸಿ.

ಬೆನ್ನು ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತದೆ. ಏಕೆ?

ದಾರ ಸುತ್ತುವ ದಿಕ್ಕಿಗೇ ಕೂದಲೂ ಉರುಳುತ್ತದೆ, ಬಲಗೈಯವರಿಗೆ ಬಹುತೇಕ ಆಚೆ ಬದಿಗೆ. ಸಡಿಲ ಸುತ್ತುಗಳನ್ನು ಬಿಗಿಯುವ ಕ್ಷಣದಲ್ಲಿ ಎಡಗೈ ಹಿಡಿತ ಬಿಡುವುದೇ ಕಾರಣ. ಬೆರಳುಗಳು ಗಾಳದ ಎರಡೂ ಬದಿ ತಾಗಿಕೊಂಡೇ ಇರಲಿ. ಆದರೂ ಉರುಳಿದರೆ, ಕಟ್ಟನ್ನು ಮೊದಲೇ ಕೂದಲೆಳೆಯಷ್ಟು ಈಚೆಗೆ ಇಟ್ಟು ಬಿಗಿಯಿರಿ. ದಾರವೇ ಅದನ್ನು ನೆತ್ತಿಗೆ ತರುತ್ತದೆ.

ಬೆನ್ನಿನ ನಡುವೆ ಸೀಳು ಬಿಟ್ಟು ದಾರದ ಬಣ್ಣ ಕಾಣುತ್ತದೆ.

ಕೂದಲು ಕಡಿಮೆಯಾಗಿದೆ, ಇಲ್ಲವೇ ಮಡಚುವಾಗ ತಿರುಚಿಕೊಂಡಿದೆ. ಬಹಳ ಸಲ ಎರಡನೆಯದೇ ನಿಜವಾದ ಕಾರಣ. ಮೊದಲನೆಯದೆಂದು ತಪ್ಪು ತಿಳಿದು ಜನ ಕೂದಲು ಹೆಚ್ಚಿಸುತ್ತಾರೆ, ಮುಂದೆ ಕಣ್ಣು ಮುಚ್ಚಿಹೋಗುತ್ತದೆ.

ಹ್ಯಾಕಲ್‌ಗೆ ಜಾಗವೇ ಉಳಿಯುವುದಿಲ್ಲ.

ರೆಕ್ಕೆ ಮುಂದೆ ಬಂದುಬಿಟ್ಟಿದೆ. ಮಡಚಿದ ಕೂದಲನ್ನು ಕಟ್ಟುವ ಸುತ್ತುಗಳು ಒಂದರ ಮೇಲೊಂದು ಕೂರಬೇಕು. ಮುಂದಕ್ಕೆ ಹರಡುತ್ತಾ ಹೋದರೆ 4 ಮಿ.ಮೀ. ಜಾಗ 2 ಆಗಲು ಹೊತ್ತು ಬೇಡ. ದಂಡದ ಮೇಲೆ ರೆಕ್ಕೆಯ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಮಾಡಿಕೊಂಡರೆ ಅವಮಾನವೇನಿಲ್ಲ.

ಬಿಗಿಯುವಾಗ ದಾರ ಪಟ್ಟೆಂದು ಹರಿಯುತ್ತದೆ, ಅಥವಾ ಕೂದಲೇ ತುಂಡಾಗುತ್ತದೆ.

ಸುತ್ತುತ್ತಾ ಹೋದಂತೆ ದಾರ ಹುರಿಗೊಂಡು ತಂತಿಯ ಹಾಗಾಗುತ್ತದೆ, ಕೂದಲನ್ನು ಕೊಯ್ಯುತ್ತದೆ. ಬಾಬಿನ್ ತೂಗುಬಿಟ್ಟು ಹುರಿ ಬಿಚ್ಚುವ ದಿಕ್ಕಿಗೆ, ಬಲಗೈಯವರಾದರೆ ಅಪ್ರದಕ್ಷಿಣವಾಗಿ, ನಾಲ್ಕೈದು ಸಲ ತಿರುಗಿಸಿ. ಚಪ್ಪಟೆ ದಾರ ಅಗಲವಾಗಿ ಹಿಡಿಯುತ್ತದೆ. ಬಾಬಿನ್ ಕೊಳವೆಯ ಬಾಯಿ ಸವೆದು ಅಂಚು ಚೂಪಾಗಿದ್ದರೂ ದಾರ ಹರಿಯುತ್ತದೆ. ಹತ್ತಿಯ ಎಳೆ ಉಜ್ಜಿ ನೋಡಿದರೆ ಗೊತ್ತಾಗುತ್ತದೆ.

16ಕ್ಕಿಂತ ಚಿಕ್ಕದು ಕಟ್ಟಬಹುದೇ?

ಕಟ್ಟಬಹುದು, ಕಟ್ಟುವವರಿದ್ದಾರೆ. ನಮ್ಮ ಮಟ್ಟಿಗೆ ಅಲ್ಲಿ ಹಂಪಿಯ ಲಾಭ ಕಡಿಮೆ, ತಾಪತ್ರಯ ಜಾಸ್ತಿ.

ಎರಡು ಮೂರು ಮೀನು ಕಚ್ಚಿದ ಮೇಲೆ ಬೆನ್ನಿನ ಕೂದಲು ಹರಿಯುತ್ತದಲ್ಲ?

ಹರಿಯುತ್ತದೆ, ಟ್ರೌಟ್‌ಗೆ ಹಲ್ಲಿದೆ. ನಾಲ್ಕೈದು ಎಳೆ ಕಿತ್ತು ನಿಂತ ಹಂಪಿಗೂ ಮೀನು ಬರುತ್ತದೆ, ಚಿಂತೆ ಬೇಡ. ಬಾಳಿಕೆ ಬೇಕೆಂದರೆ ಬೆನ್ನಿನ ಮೇಲೆ ತೆಳುವಾದ, ಒಣಗಿದ ಮೇಲೂ ಬಾಗುವ ಸಿಮೆಂಟನ್ನು ಒಂದೇ ಪದರ ಸವರಿ. ಯುವಿ ರೆಸಿನ್ (ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಅಂಟು) ದಪ್ಪಗೆ ಬಳಿದರೆ ಹೊಳೆಯುವ ಗುಂಡಿಯಂತಾಗಿ ಭಾರಕ್ಕೆ ಮಗುಚುತ್ತದೆ.

ಇಂಡಿಯನ್ ನೆಕ್ ಎಂದು ಮಾರುವ ಹ್ಯಾಕಲ್ ಆಗುತ್ತದೆಯೇ?

ಭಾರತದ ಹುಂಜಗಳ ಕುತ್ತಿಗೆ ಗರಿಗಳು ಈ ಹೆಸರಿನಲ್ಲಿ ಹಿಂದಿನಿಂದ ಪಶ್ಚಿಮ ದೇಶಗಳಿಗೆ ಹೋಗುತ್ತಿವೆ. ಅಗ್ಗ, ಬಣ್ಣ ಚೆನ್ನ. ಆದರೆ ಗರಿ ಗಿಡ್ಡ, ಎಳೆಗಳು ಮೆತು. ಫ್ಲೈಗೆಂದೇ ತಳಿ ಮಾಡಿ ಸಾಕಿದ ಕೋಳಿಯ ಒಂದು ಗರಿಯಲ್ಲಿ ಆಗುವ ಸುತ್ತುಗಳಿಗೆ ಇದರಲ್ಲಿ ಎರಡು ಗರಿ ಬೇಕಾದೀತು. ಹಂಪಿಯನ್ನು ತೇಲಿಸುವುದು ಮುಖ್ಯವಾಗಿ ಕೂದಲು, ಹಾಗಾಗಿ ಕಲಿಕೆಗೆ ಧಾರಾಳವಾಗಿ ಬಳಸಿ.

ಊರ ಕಡೆ ಕಡವೆ, ಚುಕ್ಕೆ ಜಿಂಕೆಯ ಕೂದಲು ಸಿಕ್ಕರೆ ಬಳಸಬಹುದೇ?

ಬೇಡ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಡಿ ಇವು ರಕ್ಷಿತ ಪ್ರಾಣಿಗಳು. ಚರ್ಮ, ಕೂದಲು, ತಾನಾಗಿ ಉದುರಿದ ಕೊಂಬು, ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಸಾಲ್ಮನ್ ಫ್ಲೈಗಳಲ್ಲಿ ಬಳಸುವ ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕುತ್ತಿಗೆ ಗರಿಗೂ ಇದೇ ಮಾತು. ಅಮೆರಿಕದಲ್ಲಿರುವ ಕನ್ನಡಿಗರು ರಜೆಗೆ ಬರುವಾಗ ಎಲ್ಕ್ ಚರ್ಮದ ತುಂಡು ತರುವುದಿದ್ದರೆ ಕಸ್ಟಮ್ಸ್ ನಿಯಮವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಕೂದಲಿಲ್ಲದೆ ಕಟ್ಟುವ ದಾರಿ ಇದೆಯೇ?

ಇದೆ. ಕರಕುಶಲ ಸಾಮಗ್ರಿ ಮಾರುವ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ದಪ್ಪದ ಇವಿಎ ಫೋಮ್ ಹಾಳೆಯಿಂದ, 12ನೇ ನಂಬರಿಗೆ 3 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಬಾಗಿನ ಬಳಿ ಕಟ್ಟಿ, ದಾರದಿಂದ ಹೊಟ್ಟೆ ಮಾಡಿ, ಪಟ್ಟಿಯನ್ನು ಮುಂದಕ್ಕೆ ಮಡಚಿ ಕಟ್ಟಿ, ಉಳಿದದ್ದನ್ನು ಕತ್ತರಿಸಿ. ರೆಕ್ಕೆಗೆ ಬಿಳಿ ಪಾಲಿಪ್ರಾಪಿಲೀನ್ ನೂಲು, ಬಾಲಕ್ಕೆ ಹ್ಯಾಕಲ್ ಎಳೆಗಳು. ಫೋಮನ್ನು ಹೆಚ್ಚು ಎಳೆದು ಕಟ್ಟಬೇಡಿ, ಗಾಳಿ ಕೋಶಗಳು ತೆಳುವಾಗುತ್ತವೆ. ತೇಲುವುದರಲ್ಲಿ ಕೂದಲಿಗೆ ಸರಿಸಾಟಿ, ನೋಟದಲ್ಲಿ ಅಲ್ಲ.

ಭಾರತದಲ್ಲಿ ಇದನ್ನು ಎಲ್ಲಿ ಬಳಸಬಹುದು?

ಟ್ರೌಟ್ ಭಾರತದ ಮೂಲದ ಮೀನಲ್ಲ, ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ಕಾಶ್ಮೀರದ ಲಿದ್ದರ್, ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಇವುಗಳಲ್ಲಿ ಬ್ರೌನ್ ಟ್ರೌಟ್ ಇದೆ. ಹಂಪಿ ಹುಟ್ಟಿದ ನೀರಿನಂತೆ ಇವೂ ಬಂಡೆಗಳ ನಡುವಿನ ವೇಗದ ಹೊಳೆಗಳು. ದಕ್ಷಿಣದಲ್ಲಿ ನೀಲಗಿರಿ ಮತ್ತು ಮುನ್ನಾರ್ ಎತ್ತರಗಳಲ್ಲಿ ರೇನ್‌ಬೋ ಟ್ರೌಟ್ ಬಿಟ್ಟಿದ್ದಾರೆ. ಪರವಾನಗಿ, ಗಾಳ ಹಾಕಬಾರದ ತಿಂಗಳು, ಗಾತ್ರದ ಮಿತಿ ಇವನ್ನು ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲೇ ಕೇಳಬೇಕು. ಕಾವೇರಿಯ ಮಾಶೀರ್‌ಗೆ ಈ ಫ್ಲೈ ಸಲ್ಲದು.

ಎಷ್ಟು ದಪ್ಪದ ಟಿಪೆಟ್ (ಫ್ಲೈ ಕಟ್ಟುವ ಕೊನೆಯ ತೆಳು ದಾರ)? ಕೆಳಗೆ ನಿಂಫ್ (ನೀರಿನೊಳಗೆ ಮುಳುಗುವ ಫ್ಲೈ) ಕಟ್ಟಬಹುದೇ?

ಗಾಳದ ನಂಬರನ್ನು 3ರಿಂದ ಭಾಗಿಸಿ. 12ಕ್ಕೆ 4ಎಕ್ಸ್, 16ಕ್ಕೆ 5ಎಕ್ಸ್ (ಎಕ್ಸ್ ಸಂಖ್ಯೆ ಹೆಚ್ಚಿದಷ್ಟೂ ಟಿಪೆಟ್ ತೆಳು). ನಿಂಫ್ ಕಟ್ಟಲು ಹಂಪಿ ಹೇಳಿಮಾಡಿಸಿದ್ದು. ಬಾಗಿಗೆ 45ರಿಂದ 60 ಸೆಂ.ಮೀ. ಟಿಪೆಟ್ ಕಟ್ಟಿ ಚಿಕ್ಕ ನಿಂಫ್ ತೂಗಬಿಡಿ. ಹಂಪಿ ತಟ್ಟನೆ ಮುಳುಗಿದರೆ ಮೀನು ಕೆಳಗಿನದನ್ನು ಹಿಡಿದಿದೆ ಎಂದರ್ಥ. 14ಕ್ಕಿಂತ ಚಿಕ್ಕ ಹಂಪಿಯಾದರೆ ಲೋಹದ ಮಣಿ ಇರುವ ನಿಂಫ್ ಬೇಡ.

ಮೀನು ಬಿಡಿಸಿದ ಮೇಲೆ ಫ್ಲೈ ಮುಳುಗಲು ಶುರುವಾಗುತ್ತದೆ.

ಮೀನಿನ ಲೋಳೆ ಅಂಟಿದೆ. ನೀರಿನಲ್ಲಿ ಜಾಲಾಡಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಪುಡಿಯಲ್ಲಿ ಅಲುಗಿಸಿ. ಜೆಲ್ ರೂಪದ ಫ್ಲೋಟಂಟ್ (ತೇಲಿಸುವ ಲೇಪ) ಒಣ ಫ್ಲೈಗೆ, ಅದೂ ನೀರಿಗೆ ಇಳಿಸುವ ಮೊದಲು ಹಚ್ಚುವಂಥದ್ದು. ಒದ್ದೆಯ ಮೇಲೆ ಹಚ್ಚಿದರೆ ಒಳಗಿನ ನೀರನ್ನು ಒಳಗೇ ಬಂಧಿಸುತ್ತದೆ.

ಕೂದಲು, ಗರಿಗಳನ್ನು ಕೆಡದಂತೆ ಇಡುವುದು ಹೇಗೆ?

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು, ಉಳಿದ ಕಾಲದಲ್ಲಿ ಚರ್ಮ ತಿನ್ನುವ ಹುಳು. ಹೊಸದಾಗಿ ತಂದದ್ದನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಟ್ಟು, ಹೊರಗೆ ತೆಗೆದು ಒಂದೆರಡು ದಿನ ಬಿಟ್ಟು, ಮತ್ತೊಂದು ವಾರ ಇಡಿ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಗೆ. ನುಸಿಗುಳಿಗೆ ಕೆಲಸ ಮಾಡುತ್ತದೆ, ಆದರೆ ಪ್ಲಾಸ್ಟಿಕ್ ಡಬ್ಬಿಯನ್ನೂ ಫೋಮನ್ನೂ ಮೆದುಮಾಡಬಹುದು. ಒಂದು ತುಂಡಿನಿಂದ ಕೂದಲು ಬುಡಸಹಿತ ಉದುರುತ್ತಿದ್ದರೆ ಅದನ್ನು ಉಳಿದವುಗಳ ಜೊತೆ ಇಡದೆ ಆಗಲೇ ಬಿಸಾಡಿ.

ಕೆಟ್ಟುಹೋದ ಹಂಪಿಯ ಗಾಳವನ್ನು ಮತ್ತೆ ಬಳಸಬಹುದೇ?

ಬಳಸಿ. ಹಳೆಯ ಬ್ಲೇಡಿನಿಂದ ಹೊಟ್ಟೆಯ ಕೆಳಗೆ, ದಂಡದ ಉದ್ದಕ್ಕೆ ಒಂದು ಗೀರು ಹಾಕಿದರೆ ಎಲ್ಲವೂ ಒಟ್ಟಿಗೆ ಕಳಚಿಬರುತ್ತದೆ. ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಕಚ್ಚಿ ನಿಂತರೆ ಇನ್ನೂ ಚೂಪಾಗಿದೆ.